ಸೋಂಕು ತಡೆದರೆ ಆ್ಯಂಟಿಬಯೋಟಿಕ್ ಉಳಿಯುತ್ತದೆ: ಕೊಡಗಿನ ಮೆಡಿಕಲ್ ಶಾಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ನಲ್ಲಿ ಕೈಲ್‌ಪೋದ್ ಹಬ್ಬ ಬರುವವರೆಗೂ ನಮ್ಮ ಕೌಂಟರಿನಲ್ಲಿ ಕೇಳಿಬರುವುದು ಹೆಚ್ಚುಕಮ್ಮಿ ಇವೇ ಮಾತು: ಜ್ವರ, ಭೇದಿ, ಕೆಮ್ಮು, ಕಾಲಿನ ಹುಣ್ಣು, ಉರಿಮೂತ್ರ. ಅದರ ಬೆನ್ನಿಗೇ "ಹೋದ ಸಲ ಕೊಟ್ಟಿದ್ರಲ್ಲ ಅಣ್ಣ, ಅದೇ ಪವರ್ ಮಾತ್ರೆ ಮೂರು ಕೊಡಿ" ಅನ್ನುವ ಮಾತು. ಅವರು ಕೇಳುವುದು ಆ್ಯಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮಳೆಯಲ್ಲಿ ಕೊಡೆ ಹಿಡಿದು, ಬಸ್ಸಿಗೆ ಹೊತ್ತಾಯಿತು ಅಂತ ನಿಂತವರಿಗೆ ಪೂರ್ತಿ ಬಿಡಿಸಿ ಹೇಳಲು ಆಗುವುದಿಲ್ಲ. ಹಾಗಾಗಿ ಅವರು ಕೇಳಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟೋ ಸಲ ತಗೊಂಡು ನನ್ನ ಮೈಗೆ ಆ್ಯಂಟಿಬಯೋಟಿಕ್ ಒಗ್ಗಿಹೋಗಿದೆ, ಅದಕ್ಕೇ ಈಗ ಹಿಡಿತಾ ಇಲ್ಲ ಅಲ್ವಾ?

ಒಗ್ಗಿಹೋಗಿರುವುದು ರೋಗಾಣುವಿಗೆ, ನಿಮ್ಮ ಮೈಗಲ್ಲ. ಹೀಗೆ ಅಂದುಕೊಂಡವರು ನೀವೊಬ್ಬರೇ ಅಲ್ಲ ಬಿಡಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ 12 ದೇಶಗಳಲ್ಲಿ ವಿಚಾರಿಸಿದಾಗ 100ಕ್ಕೆ 76 ಜನ ಇದನ್ನೇ ಹೇಳಿದ್ದರು.

ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಬೇಕಾದ ಬಿಸಿ ಮತ್ತು ಆಹಾರ ಸಿಕ್ಕರೆ, 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಹಾಗೆ ಹುಟ್ಟುವ ಕೋಟಿಗಟ್ಟಲೆ ಮರಿಗಳಲ್ಲಿ ಒಂದೆರಡು ಔಷಧಿಯನ್ನು ತಡೆದುಕೊಳ್ಳುವಂಥವು ಇರುತ್ತವೆ. ಮಾತ್ರೆ ನುಂಗಿದಾಗ ಮಿಕ್ಕವು ಸಾಯುತ್ತವೆ, ಇವು ಉಳಿದು ಸಂತಾನ ಬೆಳೆಸುತ್ತವೆ. ಅಷ್ಟೇ ಅಲ್ಲದೆ ಆ ತಾಕತ್ತನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ತುಕ್ಕು ರೋಗ ತಡೆಯುತ್ತದೆ ಅಂತ ನೆಟ್ಟ ಅರೇಬಿಕಾ ತಳಿಗೇ ಕೆಲವು ವರ್ಷ ಕಳೆದ ಮೇಲೆ ಹೊಸ ಬಗೆಯ ತುಕ್ಕು ಹತ್ತಿದ್ದನ್ನು ಕಂಡ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ.

ಇದರಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇನ್ನೊಂದು. ಹೀಗೆ ಗಟ್ಟಿಯಾದ ರೋಗಾಣು ಮಾತ್ರೆ ತಿಂದವರ ಹತ್ತಿರವೇ ಕೂರುವುದಿಲ್ಲ. ಜನ್ಮದಲ್ಲಿ ಆ್ಯಂಟಿಬಯೋಟಿಕ್ ಮುಟ್ಟದ ಅಜ್ಜಿಗೂ, ಆರು ತಿಂಗಳ ಮಗುವಿಗೂ ಅದು ಹತ್ತಬಹುದು.

ಸರಿ, ಮಾತ್ರೆ ಕಮ್ಮಿ ಮಾಡಬೇಕು ಅನ್ನೋದು ಗೊತ್ತಾಯ್ತು. ಆದರೆ ಕೈ ತೊಳೆಯೋದಕ್ಕೂ ಇದಕ್ಕೂ ಏನು ಸಂಬಂಧ?

ಸೋಂಕೇ ಬರದಿದ್ದರೆ ಮಾತ್ರೆಯ ಮಾತೇ ಬರುವುದಿಲ್ಲ. ಅಷ್ಟೇ ಸಂಬಂಧ, ಆದರೆ ಅದು ದೊಡ್ಡದು. ಲೆಕ್ಕ ಹೇಳುತ್ತೇನೆ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ನಮ್ಮಂಥ ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಸೋಂಕು ತಡೆಯುವ ಕೆಲಸ ಸರಿಯಾಗಿ ಆದರೆ ಔಷಧಿಗೆ ಬಗ್ಗದ ಸೋಂಕಿಗೆ ಸಂಬಂಧಿಸಿದ ಸಾವುಗಳಲ್ಲಿ ವರ್ಷಕ್ಕೆ 7.5 ಲಕ್ಷ ತಪ್ಪಿಸಬಹುದು. ಅದರಲ್ಲಿ ಆಸ್ಪತ್ರೆಗಳ ಶುಚಿತ್ವದಿಂದ ಸುಮಾರು 3.4 ಲಕ್ಷ, ಒಳ್ಳೆಯ ನೀರು ಮತ್ತು ಶೌಚಾಲಯದಿಂದ ಸುಮಾರು 2.5 ಲಕ್ಷ, ಮಕ್ಕಳ ಲಸಿಕೆಯಿಂದ ಸುಮಾರು 1.8 ಲಕ್ಷ. ಇವಕ್ಕೆ ಹೊಸ ಔಷಧಿ ಕಂಡುಹಿಡಿಯಬೇಕಾಗಿಲ್ಲ. ನೀರು, ಸೋಪು, ಲಸಿಕೆ ಎಲ್ಲ ಈಗಲೇ ನಮ್ಮ ಕೈಯಲ್ಲಿದೆ.

ಮಳೆ ಶುರುವಾದರೆ ನಮ್ಮ ಬಾವಿ ನೀರು ಕೆಂಪಾಗುತ್ತೆ. ಕುದಿಸಿದರೆ ಸಾಕಾ, ಬ್ಲೀಚಿಂಗ್ ಪೌಡರ್ ಹಾಕಬೇಕಾ?

ಎರಡೂ ಮಾಡಿ. ಕುಡಿಯುವ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ತುಂಬಾ ಎತ್ತರದ ಜಾಗದಲ್ಲಿ, ಅಂದರೆ 2,000 ಮೀಟರ್ ದಾಟಿದ ಕಡೆ, ಮೂರು ನಿಮಿಷ ಬೇಕು ಅನ್ನುತ್ತಾರೆ. ನಮ್ಮ ಜಿಲ್ಲೆಯ ಎತ್ತರದ ಬೆಟ್ಟ ತಡಿಯಂಡಮೋಳ್ ಕೂಡ 1,748 ಮೀಟರ್ ಅಷ್ಟೇ. ಹಾಗಾಗಿ ಇಲ್ಲಿ ಎಲ್ಲಿದ್ದರೂ ಒಂದು ನಿಮಿಷ ಸಾಕು.

ಬಾವಿಗೆ ಹಾಕುವ ಲೆಕ್ಕವನ್ನು ತುಂಬಾ ಜನ ಕೇಳುತ್ತಾರೆ. ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ನಿಮ್ಮ ಬಾವಿ ಎರಡು ಮೀಟರ್ ಅಗಲ ಇದ್ದು, ನೀರು ಐದು ಮೀಟರ್ ಆಳ ನಿಂತಿದ್ದರೆ ಅದರಲ್ಲಿ ಸುಮಾರು 15,700 ಲೀಟರ್ ಇರುತ್ತದೆ, ಅಂದರೆ 40 ಗ್ರಾಂ ಪೌಡರ್. ಅದನ್ನು ನೇರ ಬಾವಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿ ಥರ ಕಲಸಿ, ಮತ್ತೆ ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಆ ಬಕೆಟ್ಟನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಇನ್ನೂ ಒಳ್ಳೆಯದು. ನೀರು ತೀರಾ ಕೆಸರಾಗಿದ್ದರೆ ಪೌಡರ್ ಕೆಸರಿಗೇ ಖರ್ಚಾಗಿ ರೋಗಾಣು ಉಳಿದುಬಿಡುತ್ತದೆ. ಇನ್ನೊಂದು, ನಮ್ಮ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ವಾಸನೆ ಮೂಗಿಗೆ ಹೊಡೆಯದ ಪೌಡರನ್ನು ನಂಬಬೇಡಿ. ಲೆಕ್ಕದಲ್ಲಿ ಗೊಂದಲ ಇದ್ದರೆ ಪಂಚಾಯಿತಿಯವರನ್ನೋ ಆರೋಗ್ಯ ಕೇಂದ್ರದವರನ್ನೋ ಕರೆಯಿರಿ, ಅವರಿಗೆ ಇದು ದಿನನಿತ್ಯದ ಕೆಲಸ.

ಹೊಸದಾಗಿ ಹೋಂಸ್ಟೇ ಕಟ್ಟುವವರಿಗೆ ಒಂದು ಮಾತು. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ, ಬಾವಿಗಿಂತ ಮೇಲಿನ ಏರಿಯಲ್ಲಂತೂ ಬೇಡವೇ ಬೇಡ. ನಮ್ಮದು ಇಳಿಜಾರಿನ ಊರು, ಮೇಲಿನ ಮನೆಯವರು ಬಿಟ್ಟದ್ದು ಕೆಳಗಿನ ಮನೆಯವರ ಬಾವಿಗೇ ಇಳಿಯುತ್ತದೆ.

ಮನೇಲಿ ಫಿಲ್ಟರ್ ಇದೆ. ಆದ್ರೂ ಕುದಿಸಬೇಕಾ?

ಸರ್ವಿಸ್ ಸರಿಯಾಗಿ ಮಾಡಿಸಿದ್ದರೆ ಬೇಡ. ಆದರೆ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಕರೆಂಟಿನ ಫಿಲ್ಟರ್ ಕೆಲಸಕ್ಕೆ ಬರುವುದಿಲ್ಲ, ಆಗ ಒಲೆಯೇ ಗತಿ. ಕುದಿಸಿದ ನೀರಿನ ಪಾತ್ರೆಗೆ ಲೋಟ ಅದ್ದುವ ಅಭ್ಯಾಸ ಬಿಡಿ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ.

ರೋಗಾಣು ಕೊಲ್ಲುವ ಸೋಪು ಅಂತ ಜಾಹೀರಾತು ಬರುತ್ತಲ್ಲ, ಅದನ್ನೇ ತಗೋಬೇಕಾ?

ಸುಮ್ನೆ ದುಡ್ಡು ದಂಡ. ಸಾಮಾನ್ಯ ಸೋಪು ಜಿಡ್ಡಿನ ಜೊತೆ ರೋಗಾಣುವನ್ನೂ ಎಬ್ಬಿಸಿ ನೀರಿನಲ್ಲಿ ಕೊಚ್ಚಿಹಾಕುತ್ತದೆ, ಅದು ಸಾಕು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಕೈ ಸೋಪುಗಳಿಂದ ತೆಗೆಸಿತು. ಸಾದಾ ಸೋಪಿಗಿಂತ ಅವು ಮೇಲು ಅನ್ನುವುದನ್ನು ಕಂಪನಿಗಳು ತೋರಿಸಿಕೊಡಲಿಲ್ಲ. ಸೋಪಿನ ಹೆಸರಿಗಿಂತ ಹೊತ್ತು ಮುಖ್ಯ. ಕನಿಷ್ಠ 20 ಸೆಕೆಂಡ್ ಉಜ್ಜಿ. ಉಗುರಿನ ಸಂದು, ಹೆಬ್ಬೆರಳಿನ ಬುಡ, ಬೆರಳಿನ ನಡುವೆ. ಕಕ್ಕಸಿಗೆ ಹೋಗಿ ಬಂದ ಮೇಲೆ, ಮಗುವಿನ ಅಂಡು ತೊಳೆದ ಮೇಲೆ, ಹಸಿ ಮಾಂಸ ಮುಟ್ಟಿದ ಮೇಲೆ, ಕೊಟ್ಟಿಗೆಯಿಂದ ಬಂದ ಮೇಲೆ, ಅಡುಗೆಗೆ ಕೂರುವ ಮೊದಲು, ಊಟಕ್ಕೆ ಮೊದಲು. ಸ್ಯಾನಿಟೈಸರ್ ಬಸ್ಸಿನಲ್ಲಿ ಆಗಬಹುದು, ಮಣ್ಣು ಮೆತ್ತಿದ ಕೈಗೆ ಅದು ನಾಟುವುದಿಲ್ಲ.

ಕಫ ಹಳದಿ ಬಣ್ಣಕ್ಕೆ ತಿರುಗಿದೆ. ಈಗಲಾದ್ರೂ ಆ್ಯಂಟಿಬಯೋಟಿಕ್ ಬೇಕು ತಾನೇ?

ಬಣ್ಣ ನೋಡಿ ಹೇಳಲು ಬರುವುದಿಲ್ಲ. ಶೀತ, ಫ್ಲೂ, ಬಹುತೇಕ ಗಂಟಲು ನೋವುಗಳು, ಡೆಂಗಿ ಎಲ್ಲ ವೈರಸ್‌ನಿಂದ ಬರುವಂಥವು. ಆ್ಯಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಬಿಸಿನೀರು, ವಿಶ್ರಾಂತಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಉಸಿರಾಟಕ್ಕೆ ಕಷ್ಟವಾದರೆ, ಮಗು ಹಾಲು ಕುಡಿಯದಿದ್ದರೆ, ಜ್ವರ ಮೂರು ದಿನ ದಾಟಿದರೆ, ಒಮ್ಮೆ ಇಳಿದು ಮತ್ತೆ ಏರಿದರೆ ನನ್ನ ಅಂಗಡಿಗೆ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಕೆಮ್ಮುವಾಗ ಅಂಗೈ ಅಡ್ಡ ಹಿಡಿಯದೆ ಮೊಣಕೈ ಮಡಚಿ ಹಿಡಿಯಿರಿ. ಶಾಲೆಗೆ ಹೋಗುವ ಮಗುವಿಗೆ ಜ್ವರ ಇದ್ದರೆ ಎರಡು ದಿನ ಮನೆಯಲ್ಲೇ ಇರಿಸಿಕೊಳ್ಳಿ.

ಭೇದಿ ನಿಲ್ಲೋಕೆ ಏನಾದ್ರೂ ಕೊಡಿ ಅಂದರೆ ಓಆರ್‌ಎಸ್ ಪ್ಯಾಕೆಟ್ ಕೊಡ್ತೀರಲ್ಲ?

ಹೌದು, ಅದೇ ಸರಿಯಾದ ಔಷಧಿ. ಜನ ಸಾಯುವುದು ಮೈಯ ನೀರು, ಉಪ್ಪು ಹೋಗಿ. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಅನ್ನುವುದೆಲ್ಲ ತಪ್ಪು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಿಹಿ ಜ್ಯೂಸ್ ಡಬ್ಬ ಇದಕ್ಕೆ ಬದಲಿ ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇದರ ಜೊತೆ ಜಿಂಕ್ ಮಾತ್ರೆ 14 ದಿನ, ಆಶಾ ಕಾರ್ಯಕರ್ತೆಯರ ಹತ್ತಿರವೂ ಸಿಗುತ್ತದೆ. ಭೇದಿಯಲ್ಲಿ ರಕ್ತ ಕಂಡರೆ ಅಥವಾ ಜ್ವರ ಜಾಸ್ತಿ ಇದ್ದರೆ ಆಸ್ಪತ್ರೆಗೆ ಹೋಗಿ, ಆಗ ಆ್ಯಂಟಿಬಯೋಟಿಕ್ ಬೇಕಾಗಬಹುದು.

ಕ್ಯಾಪ್ಸೂಲ್ ಬಿಚ್ಚಿ ಪುಡಿ ಗಾಯಕ್ಕೆ ಹಾಕಿದರೆ ಬೇಗ ಒಣಗುತ್ತಲ್ಲ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಇದು ನನ್ನ ಕಣ್ಣೆದುರು ಪ್ರತಿ ಮಳೆಗಾಲ ನಡೆಯುತ್ತದೆ.

ಎರಡು ವರ್ಷದ ಹಿಂದೆ ಜುಲೈನಲ್ಲಿ ತೋಟದ ಕೆಲಸದ ಒಬ್ಬರು ಬಂದು ಕೌಂಟರಿನ ಮೇಲೆ ಕಾಲಿಟ್ಟರು. ಜಿಗಣೆ ಕಚ್ಚಿದ ಜಾಗವನ್ನು ಕೆರೆದು ಕೆರೆದು ಹುಣ್ಣಾಗಿತ್ತು. ಮೊದಲು ರಕ್ತ ನಿಲ್ಲಲಿ ಅಂತ ಕಾಫಿ ಪುಡಿ ಮೆತ್ತಿದ್ದರು. ಅದರ ಮೇಲೆ ಕ್ಯಾಪ್ಸೂಲಿನ ಪುಡಿ. ಅದರ ಮೇಲೆ ಒದ್ದೆ ಸಾಕ್ಸ್, ಗಂ ಬೂಟು, ಮತ್ತೆ ನಾಲ್ಕು ದಿನ ಕೆಲಸ. ಎಲ್ಲ ಸೇರಿ ಹೆಂಟೆ ಕಟ್ಟಿಕೊಂಡು ಅಡಿಯಲ್ಲಿ ಕೀವು ತುಂಬಿತ್ತು. ಅವರು ಕೇಳಿದ್ದು ಇನ್ನೆರಡು ಕ್ಯಾಪ್ಸೂಲ್. ನಾನು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ.

ಹೊಟ್ಟೆಗೆ ಸೇರಬೇಕಾದ ಔಷಧಿಯನ್ನು ಗಾಯಕ್ಕೆ ಉದುರಿಸಿದರೆ ಒಳಗಿನ ರೋಗಾಣುವಿಗೆ ಅರೆಬರೆ ಪ್ರಮಾಣ ಮುಟ್ಟುತ್ತದೆ. ಗಟ್ಟಿಯವು ಉಳಿಯಲು ಅಷ್ಟು ಸಾಕು. ಗಾಯ ಚಿಕ್ಕದಾಗಿದ್ದಾಗಲೇ ಹರಿಯುವ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಒಣ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, ಶುಭ್ರ ಬ್ಯಾಂಡೇಜ್ ಕಟ್ಟಿ. ಒದ್ದೆಯಾದ ಕೂಡಲೇ ಬದಲಿಸಿ. ಜಿಗಣೆ ಕಡಿತವನ್ನು ಕೆರೆಯಬೇಡಿ. ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ನಿಜ, ಆದರೆ ಸಾಕ್ಸ್ ಮಾತ್ರ ಒಲೆ ಮೇಲಿನ ಅಟ್ಟದಲ್ಲಿ ಹಾಕಿ ಒಣಗಿಸಿ, ಎರಡು ಮೂರು ಜೊತೆ ಇಟ್ಟುಕೊಳ್ಳಿ. ಕತ್ತಿ ಏಟು, ಮರಕಸಿ (ತೋಟದ ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಆದ ಆಳದ ಗಾಯ ಇದ್ದರೆ ಟಿಟನಸ್ ಇಂಜೆಕ್ಷನ್ ಕೇಳಿ. ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ರೇಬೀಸ್ ಲಸಿಕೆ ಹಾಕಿಸಬೇಕು. ಟವೆಲ್, ರೇಜರ್ ಒಬ್ಬರದ್ದು ಇನ್ನೊಬ್ಬರು ಬಳಸಬೇಡಿ, ಚರ್ಮದ ಹಟಮಾರಿ ಸೋಂಕು ಹಾಗೇ ಹರಡುತ್ತದೆ.

ಗದ್ದೆ ಕೆಲಸ ಮಾಡುವವರಿಗೆ ಇಲಿ ಜ್ವರ ಬರುತ್ತಂತೆ. ಮೊದಲೇ ಮಾತ್ರೆ ತಗೊಂಡರೆ ಒಳ್ಳೇದಾ?

ಇಲಿ, ದನಗಳ ಮೂತ್ರ ಸೇರಿದ ಕೆಸರು ನೀರಿನಿಂದ, ಕಾಲಿನ ಸಣ್ಣ ಗೀರಿನ ಮೂಲಕ ಇದು ಒಳಗೆ ಬರುತ್ತದೆ. ಮುಂಜಾಗ್ರತೆಯ ಮಾತ್ರೆ ಇದೆ, ಆದರೆ ಯಾರಿಗೆ, ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಎಲ್ಲರೂ ಸುಮ್ನೆ ನುಂಗುವಂಥದ್ದಲ್ಲ. ಗಾಯ ಮುಚ್ಚಿಕೊಂಡು, ಬೂಟು ಹಾಕಿಕೊಂಡು ಇಳಿಯಿರಿ, ಸಂಜೆ ಸೋಪಿನಲ್ಲಿ ಕಾಲು ತೊಳೆಯಿರಿ. ನಾಟಿ ಮಾಡಿ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಅಂದರೆ ತಡ ಮಾಡಬೇಡಿ. ಡಾಕ್ಟರಿಗೆ "ಗದ್ದೆಗೆ ಇಳಿದಿದ್ದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಸರಿಯಾದ ಔಷಧಿ ಬೇಗ ಸಿಗುತ್ತದೆ.

ಕಾಫಿ ಕೊಯ್ಲು ಬಂತು ಅಂದರೆ ನನಗೆ ಉರಿಮೂತ್ರ. ಪ್ರತಿ ವರ್ಷ ಮಾತ್ರೆ ತಿನ್ನೋದೇ ಆಯ್ತು.

ಅಕ್ಕಂದಿರು ಇದನ್ನು ಕೌಂಟರಿನಲ್ಲಿ ದನಿ ತಗ್ಗಿಸಿ ಕೇಳುತ್ತಾರೆ. ಕಾರಣ ಅವರಿಗೂ ಗೊತ್ತು. ತೋಟದಲ್ಲಿ ಮರೆ ಇಲ್ಲ, ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಬಂದರೂ ಸಂಜೆವರೆಗೆ ತಡೆದುಕೊಳ್ಳುತ್ತಾರೆ. ಮೂತ್ರ ಹೊರಗೆ ಹೋಗದಿದ್ದರೆ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ನೀರು ಕಮ್ಮಿ ಕುಡಿಯುವ, ಮತ್ತೆ ಮತ್ತೆ ಮೂತ್ರದ ಸೋಂಕು ಬರುವ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ಬಂದದ್ದು ಸರಾಸರಿ 1.7 ಸಲ, ಮಿಕ್ಕವರಿಗೆ 3.2 ಸಲ. ಆ್ಯಂಟಿಬಯೋಟಿಕ್ ಕೋರ್ಸು ಕೂಡ ಮಿಕ್ಕವರಿಗೆ 3.6 ಬೇಕಾದರೆ ಇವರಿಗೆ 1.9 ಸಾಕಾಯಿತು. ಬರೀ ನೀರಿನಿಂದ!

ಆದರೆ ನೀರು ಕುಡಿಯಿರಿ ಅಂತ ಹೆಂಗಸರಿಗೆ ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ತೋಟದ ಮಾಲೀಕರೇ, ಕೊಯ್ಲು ನಡೆಯುವ ಬ್ಲಾಕಿನ ಹತ್ತಿರ ನಾಲ್ಕು ತಗಡು, ಒಂದು ಗುಂಡಿ, ಒಂದು ಡ್ರಮ್ ನೀರು, ಒಂದು ಸೋಪು ಇಡಿ. ಕುಡಿಯುವ ನೀರು ಬೇರೆ ಇಡಿ. ಇದಕ್ಕೆ ಆಗುವ ಖರ್ಚು ಒಂದು ದಿನದ ಆಳು ಲೆಕ್ಕದಷ್ಟೂ ದೊಡ್ಡದಲ್ಲ. ಅಕ್ಕಂದಿರೇ, ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರೆಗೆ ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರ ಹತ್ತಿರ ಕೇಳಿ. ಯಾವ ಔಷಧಿಗೆ ನಿಮ್ಮ ರೋಗಾಣು ಬಗ್ಗುತ್ತದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಜ್ವರ, ನಡುಕ, ಬೆನ್ನಿನ ಪಕ್ಕ ನೋವು ಇದ್ದರೆ, ಅಥವಾ ಬಸುರಿಯಾಗಿದ್ದರೆ ಅವತ್ತೇ ಹೋಗಿ.

ಪಂದಿಕರಿ (ಹಂದಿ ಮಾಂಸದ ಸಾರು) ಮೂರು ದಿನ ಇಟ್ಟು ತಿಂತೀವಿ. ಏನೂ ಆಗಿಲ್ವಲ್ಲ?

ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ಸ್ವಲ್ಪ ಕಾಪಾಡುತ್ತದೆ, ದಿನಾ ಬಿಸಿ ಮಾಡುವುದೂ ಸಹಾಯ. ಆದರೂ ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡುವುದು ಒಳ್ಳೆಯದು, ತಿನ್ನುವಾಗ ನಡುವಿನ ತುಂಡೂ ಹಬೆಯಾಡುವಷ್ಟು ಕುದಿಸಿ. ತೊಂದರೆ ಹೆಚ್ಚಾಗಿ ಶುರುವಾಗುವುದು ಹಸಿ ಮಾಂಸ ಕೊಚ್ಚಿದ ಕೊರಡಿನಲ್ಲಿ. ಅದೇ ಕೊರಡಿನ ಮೇಲೆ ಸೌತೆಕಾಯಿ ಹೆಚ್ಚಬೇಡಿ. ಕೋಳಿಯನ್ನು ನಲ್ಲಿ ಕೆಳಗೆ ಜೋರಾಗಿ ತೊಳೆದರೆ ಹನಿ ಸಿಡಿದು ಪಕ್ಕದ ಪಾತ್ರೆಗೆಲ್ಲ ಹತ್ತುತ್ತದೆ, ಅದನ್ನೂ ಬಿಡಿ.

ಹಸುವಿಗೆ ಕೆಚ್ಚಲು ಬಾವು ಬಂದಾಗ ನಾವೇ ಆ್ಯಂಟಿಬಯೋಟಿಕ್ ಟ್ಯೂಬ್ ಹಾಕ್ತೀವಿ, ಅದರಿಂದ ಮನುಷ್ಯರಿಗೇನು?

ಕೊಟ್ಟಿಗೆಯ ಗಟ್ಟಿ ರೋಗಾಣು ಕೈಗೆ, ಗೊಬ್ಬರಕ್ಕೆ, ತೋಡಿನ ನೀರಿಗೆ ಬರುತ್ತದೆ. ತಲಕಾವೇರಿಯಿಂದ ಹೊರಟ ನೀರನ್ನು ಮೈಸೂರು, ಮಂಡ್ಯದವರು ಕುಡಿಯುತ್ತಾರೆ ಅನ್ನುವುದು ನೆನಪಿರಲಿ. ಪಶುವೈದ್ಯರನ್ನು ಕೇಳಿಯೇ ಹಾಕಿ. ಔಷಧಿ ಕೊಟ್ಟ ಮೇಲೆ ಅವರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕಬೇಡಿ, ಮನೆಗೂ ಬೇಡ. ಕರೆಯುವ ಮೊದಲು ಕೈ, ಕೆಚ್ಚಲು ತೊಳೆದು ಒರೆಸಿ. ಕರೆದ ಮೇಲೆ ಹಸು ಅರ್ಧ ಗಂಟೆ ನಿಂತೇ ಇರುವಂತೆ ಮುಂದೆ ಮೇವು ಹಾಕಿ, ಮೊಲೆಯ ಬಾಯಿ ಮುಚ್ಚುವವರೆಗೆ ಸಗಣಿ ಮೇಲೆ ಮಲಗಬಾರದು. ಹಂದಿ, ಕೋಳಿ ಸಾಕುವವರು ಬೇಗ ದಪ್ಪ ಆಗಲಿ ಅಂತ ಆ್ಯಂಟಿಬಯೋಟಿಕ್ ಬೆರೆಸಬಾರದು. ಕೊಲಿಸ್ಟಿನ್ ಅನ್ನುವ ಔಷಧಿ ಮನುಷ್ಯರಿಗೆ ಕೊನೆಯ ಆಸರೆಯಂಥದ್ದು, ಅದನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲೇ ನಿಷೇಧಿಸಿದೆ.

ಲಸಿಕೆಯಿಂದ ಆ್ಯಂಟಿಬಯೋಟಿಕ್ ಹೇಗೆ ಉಳಿಯುತ್ತೆ?

ನ್ಯುಮೋಕಾಕಲ್ ಲಸಿಕೆ ನ್ಯುಮೋನಿಯಾ ತಡೆಯುತ್ತದೆ. ಸರ್ಕಾರದ ಪಟ್ಟಿಯಲ್ಲಿದೆ, ಉಚಿತ: ಮಗುವಿಗೆ 6 ವಾರ, 14 ವಾರ, 9 ತಿಂಗಳು ತುಂಬಿದಾಗ. ರೋಟಾ ಲಸಿಕೆ ಒಂದು ಬಗೆಯ ಭೇದಿ ತಡೆಯುತ್ತದೆ. ಅದು ವೈರಸ್ ಭೇದಿ, ಆದರೂ ಎಷ್ಟೋ ಮಕ್ಕಳಿಗೆ ಅದಕ್ಕೆ ಸುಮ್ನೆ ಆ್ಯಂಟಿಬಯೋಟಿಕ್ ಹೋಗುತ್ತದೆ. ಟೈಫಾಯ್ಡ್ ಲಸಿಕೆ 6 ತಿಂಗಳು ದಾಟಿದ ಮಕ್ಕಳಿಗೆ ಖಾಸಗಿಯಲ್ಲಿ ಸಿಗುತ್ತದೆ, ಟೈಫಾಯ್ಡ್ ರೋಗಾಣು ಹಳೆಯ ಔಷಧಿಗಳಿಗೆ ಬಗ್ಗದಿರುವ ಈ ಕಾಲದಲ್ಲಿ ನಾನಂತೂ ಹಾಕಿಸಿ ಅನ್ನುತ್ತೇನೆ. ತೋಟದ ಕೆಲಸಗಾರರ ಲೈನ್ ಮನೆಗೆ ಹೊರರಾಜ್ಯದಿಂದ ಬಂದವರ ಮಕ್ಕಳ ಕಾರ್ಡ್ ಊರಲ್ಲೇ ಉಳಿದಿರುತ್ತದೆ. ಕಾರ್ಡ್ ಇಲ್ಲದಿದ್ದರೂ ಅಂಗನವಾಡಿಗೆ ಕರೆದುಕೊಂಡು ಹೋಗಿ, ಲಸಿಕೆ ಹಾಕುತ್ತಾರೆ.

ಲೈನ್ ಮನೆಯ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಕಡೆ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಹುಷಾರಾಯಿತು ಅಂತ ಬಿಟ್ಟು ಊರಿಗೆ ಹೊರಟರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟಿಕೊಳ್ಳುತ್ತದೆ. ಚಳಿಯಾದರೂ ಹಗಲಲ್ಲಿ ಕಿಟಕಿ ತೆರೆದಿಡಿ.

ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೆ ವರ್ಷವಿಡೀ ಕಾಯಿಲೆ ಬರಲ್ಲ ಅಂತಾರೆ?

ತಿನ್ನಿ, ನಾನೂ ತಿನ್ನುತ್ತೇನೆ. ಮಾರನೇ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಆದರೆ ಅದನ್ನು ನಂಬಿ ಲಸಿಕೆ ಬಿಡಬೇಡಿ, ನ್ಯುಮೋನಿಯಾ ಬಂದಾಗ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ.

ಎಲ್ಲ ಕಡೆ ಕೊಡ್ತಾರೆ, ನೀವು ಮಾತ್ರ ಯಾಕೆ ಚೀಟಿ ಕೇಳ್ತೀರಿ?

ಮಾತ್ರೆ ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ನೋಡಿದ್ದೀರಾ? ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. 2014ರಿಂದ ಹಲವು ಬಲವಾದ ಆ್ಯಂಟಿಬಯೋಟಿಕ್‌ಗಳಿಗೆ ನಾವು ಬೇರೆ ರಿಜಿಸ್ಟರ್ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕಾನೂನು ಒಂದು ಕಡೆ ಇರಲಿ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಮುಂದೆ ಇದು ಅಂಗಡಿಯಲ್ಲಿ ಯಾರಿಗೂ ಸಿಗುವಂತಾದರೆ, ತಿಳಿಯದವರು ಕಮ್ಮಿ ಪ್ರಮಾಣದಲ್ಲಿ ತಿಂದು ರೋಗಾಣುವನ್ನು ಗಟ್ಟಿ ಮಾಡುತ್ತಾರೆ ಅಂತ. ಅಂಗಡಿ ಅಂದರೆ ನನ್ನಂಥವರದ್ದೇ. ಇದನ್ನು ಓದಿದ ಮೇಲೆ ಮೂರು ಮಾತ್ರೆ ಕತ್ತರಿಸಿ ಕೊಡಲು ನನ್ನ ಕೈ ಏಳುವುದಿಲ್ಲ.

ಹುಷಾರಾದ ಮೇಲೆ ನಾಲ್ಕು ಮಾತ್ರೆ ಮಿಕ್ಕಿದೆ. ಮುಂದಿನ ಸಲಕ್ಕೆ ಇಡಬಹುದಾ?

ಇಡಬೇಡಿ, ಅಕ್ಕನ ಮಗನಿಗೂ ಕೊಡಬೇಡಿ. ಡಾಕ್ಟರು ಎಷ್ಟು ದಿನ ಬರೆದಿದ್ದಾರೋ ಅಷ್ಟು ದಿನ ತಗೊಂಡರೆ ಮಿಕ್ಕುವುದೇ ಇಲ್ಲ. ನಡುವೆ ಮೈಗೆ ಆಗದೆ ನಿಲ್ಲಿಸಬೇಕು ಅನ್ನಿಸಿದರೆ ಅವರಿಗೇ ಫೋನ್ ಮಾಡಿ ಕೇಳಿ. ಹಾಗೂ ಉಳಿದದ್ದನ್ನು ಕಕ್ಕಸಿಗೋ ತೋಡಿಗೋ ಎಸೆಯಬೇಡಿ. ನನ್ನ ಅಂಗಡಿಯ ಬಾಗಿಲ ಹತ್ತಿರ ಹಳೇ ಬಿಸ್ಕತ್ ಡಬ್ಬ ಒಂದನ್ನು ಇದಕ್ಕೇ ಇಟ್ಟಿದ್ದೇನೆ, ಅದರಲ್ಲಿ ಹಾಕಿ. ನಿಮ್ಮ ಊರಿನ ಮೆಡಿಕಲ್ಸ್‌ನಲ್ಲಿ ಅಂಥ ಡಬ್ಬ ಇಲ್ಲದಿದ್ದರೆ ಇಡಿ ಅಂತ ಕೇಳಿ.